ಕವಿಚಕ್ರವರ್ತಿ ಜನ್ನ: ಬರೆಯಲು ಕಲಿತ ವರ್ಷಗಳು

ಪಂಪ, ಪೊನ್ನ, ರನ್ನರ ನಂತರ ಕನ್ನಡದ ಜೈನ ಕವಿಗಳಲ್ಲಿ ಮೊದಲು ನೆನಪಾಗುವ ಹೆಸರು ಜನ್ನನದು. ಯಶೋಧರ ಚರಿತೆಯ ಕವಿ, ಹೊಯ್ಸಳ ವೀರಬಲ್ಲಾಳನಿಂದ ಕವಿಚಕ್ರವರ್ತಿ ಬಿರುದು ಪಡೆದವನು ಎಂಬಷ್ಟು ನಮಗೆ ಶಾಲೆಯಲ್ಲೇ ತಿಳಿದಿರುತ್ತದೆ. ಆ ಕಾವ್ಯಕ್ಕೆ ಮುಂಚೆ ಅವನು ಏನು ಬರೆಯುತ್ತಿದ್ದನು, ಯಾರ ನಡುವೆ ಬೆಳೆದನು ಎಂಬುದನ್ನು ಮಾತ್ರ ಯಾರೂ ಅಷ್ಟಾಗಿ ಹೇಳುವುದಿಲ್ಲ.

ಜನ್ನನ ತಂದೆ ಶಂಕರ, ತಾಯಿ ಗಂಗಾದೇವಿ. ತಂದೆಗೆ ಸುಮನೋಬಾಣ ಎಂಬ ಬಿರುದಿತ್ತು, ಹೆಚ್ಚಾಗಿ ಅದೇ ಹೆಸರಿನಿಂದ ಅವನು ಪ್ರಸಿದ್ಧ. ಅವನು ಹೊಯ್ಸಳ ಒಂದನೆಯ ನರಸಿಂಹನ ಕಟಕೋಪಾಧ್ಯಾಯನಾಗಿದ್ದನು, ಅಂದರೆ ಅರಸನ ರಾಜಧಾನಿಯಲ್ಲಿ ಪಾಠ ಹೇಳುವ ಗುರು, ಕವಿಯೂ ಹೌದು. ಆದರೆ ಸುಮನೋಬಾಣನ ಒಂದು ಕೃತಿಯೂ ಇಂದು ಉಳಿದಿಲ್ಲ. ಮಗನೂ ಮೊಮ್ಮಗನೂ ಸ್ಮರಿಸಿದ್ದರಿಂದಲೇ ಅವನ ಹೆಸರು ನಮ್ಮವರೆಗೆ ಬಂದಿದೆ. ಜನ್ನನ ಸೋದರಿಯ ಗಂಡ ಮಲ್ಲಿಕಾರ್ಜುನನು ಹಳೆಯ ಕವಿಗಳ ಪದ್ಯಗಳನ್ನು ಆಯ್ದು ಸೂಕ್ತಿಸುಧಾರ್ಣವವನ್ನು ಸಂಕಲಿಸಿದವನು. ಇವರ ಮಗ ಕೇಶಿರಾಜನೇ ಶಬ್ದಮಣಿದರ್ಪಣದ ಕರ್ತೃ. ಕವಿ, ಸಂಕಲನಕಾರ, ವೈಯಾಕರಣ ಮೂವರೂ ಒಂದೇ ಮನೆಯ ನಂಟಿನವರು. ಇಂಥ ಮನೆಯಲ್ಲಿ ಹುಟ್ಟಿದ ಹುಡುಗನಿಗೆ ಪದ್ಯ ಕಟ್ಟುವುದು ಹೊಸದಲ್ಲ. ಕಷ್ಟವಿದ್ದದ್ದು ತನ್ನದೇ ಎನ್ನಬಹುದಾದ ಪದ್ಯ ಕಟ್ಟುವುದರಲ್ಲಿ.

ಕಾವ್ಯಾವಲೋಕನ, ಕರ್ಣಾಟಕ ಭಾಷಾಭೂಷಣಗಳನ್ನು ಬರೆದ ನಾಗವರ್ಮನನ್ನು ಜನ್ನನು ತನ್ನ ಉಪಾಧ್ಯಾಯನೆಂದು ನೆನೆದಿದ್ದಾನೆ. ಧರ್ಮಗುರು ರಾಮಚಂದ್ರದೇವ ಮುನಿಗಳು. ಒಬ್ಬರಿಂದ ಲಕ್ಷಣಶಾಸ್ತ್ರ, ಇನ್ನೊಬ್ಬರಿಂದ ಜಿನಧರ್ಮ. ಮೂರನೆಯ ಪಾಠಶಾಲೆ ಅವನಿಗೆ ಸಿಕ್ಕಿದ್ದು ಕಲ್ಲಿನ ಮೇಲೆ.

ಆ ಕಾಲದ ಹೊಯ್ಸಳ ನಾಡನ್ನು ನೆನೆಸಿಕೊಳ್ಳಿ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117ರಲ್ಲೇ ಆಗಿತ್ತು. ರಾಜಧಾನಿ ದೋರಸಮುದ್ರದಲ್ಲಿ, ಇಂದಿನ ಹಳೇಬೀಡಿನಲ್ಲಿ, ಗಂಗರಾಜನ ಮಗ ಬೊಪ್ಪದೇವನು 1133ರಲ್ಲಿ ಕಟ್ಟಿಸಿದ ವಿಜಯಪಾರ್ಶ್ವನಾಥ ಬಸದಿ ನಿಂತಿತ್ತು. ಕನ್ನಡಿಯಂತೆ ಹೊಳೆಯುವ ಅದರ ಕಂಬಗಳನ್ನು ಬಸದಿಹಳ್ಳಿಗೆ ಹೋದವರೆಲ್ಲ ನೋಡಿರುತ್ತೀರಿ. ಊರೂರಿಗೆ ಗುಡಿ, ಬಸದಿ, ಕೆರೆ ಏಳುತ್ತಿದ್ದವು; ದಾನವಾದ ಕಡೆಯಲ್ಲೆಲ್ಲ ಒಂದು ಶಾಸನ ಬೇಕು. ಶಾಸನಕ್ಕೆ ಕವಿ ಬೇಕು.

ಜನ್ನನದೆಂದು ಗುರುತಿಸಲಾದ ಮೊದಲ ಶಾಸನ ಚನ್ನರಾಯಪಟ್ಟಣ ತಾಲ್ಲೂಕಿನದು, 1191ರದು. ಮತ್ತೊಂದು ತರೀಕೆರೆ ತಾಲ್ಲೂಕಿನ ಅಮೃತಾಪುರದ ಶಾಸನ, 1197ರದು. ಅವನ ಕೊನೆಯ ಕಾವ್ಯ ಮುಗಿದದ್ದು 1230ರಲ್ಲಿ. ಅಂದರೆ ಮೊದಲ ಶಾಸನ ಬರೆಯುವಾಗ ಅವನ ಮುಂದೆ ಇನ್ನೂ 39 ವರ್ಷಗಳ ಬರವಣಿಗೆ ಬಾಕಿಯಿತ್ತು. ಖಂಡಿತ ತರುಣನೇ.

ಶಾಸನ ಬರೆಯುವ ಕೆಲಸ ಹೇಗಿರುತ್ತದೆ? ಮೊದಲು ದೇವತಾಸ್ತುತಿ, ಆಮೇಲೆ ಅರಸನ ವಂಶಾವಳಿ, ದಾನಿಯ ಕುಲ ಮತ್ತು ಗುಣ, ಕೊಟ್ಟ ಭೂಮಿ, ಅದರ ಎಲ್ಲೆ, ಕೊನೆಗೆ ದಾನಕ್ಕೆ ಅಳಿವು ತಂದವರಿಗೆ ಶಾಪ. ಹೇಳಬೇಕಾದದ್ದನ್ನು ಕವಿ ಆರಿಸುವಂತಿಲ್ಲ. ಹೊಗಳಬೇಕಾದವರು ಗೊತ್ತಾಗಿಯೇ ಇರುತ್ತಾರೆ. ಕಲ್ಲಿನ ಉದ್ದಗಲ ಇಷ್ಟೇ ಎಂದಿರುವಾಗ ಮಾತನ್ನು ಹಿಗ್ಗಿಸಲು ಎಡೆಯಿಲ್ಲ. ಓಲೆಯಾದರೆ ಹರಿದು ಬಿಸಾಡಬಹುದು, ಕಂಡರಿಸಿದ ಅಕ್ಷರವನ್ನು ಮರಳಿ ಪಡೆಯಲಾಗದು. ಹೊಸ ಕವಿಗೆ ಇದಕ್ಕಿಂತ ಕಠಿಣವಾದ ಅಭ್ಯಾಸ ನನಗಂತೂ ತೋಚುವುದಿಲ್ಲ.

ಅಮೃತಾಪುರದ್ದು ಶಿವಾಲಯ, ಕಟ್ಟಿಸಿದವನು ವೀರಬಲ್ಲಾಳನ ಅಧಿಕಾರಿ ಅಮೃತೇಶ್ವರ ದಂಡನಾಯಕ. ಜಿನಭಕ್ತನಾದ ತರುಣ ಕವಿಯನ್ನು ಶಿವಾಲಯದ ಶಾಸನಕ್ಕೆ ಕರೆಸಿದ್ದರು, ಅವನೂ ಬರೆದುಕೊಟ್ಟನು. ಮುಂದೆ ಸೋಮನಾಥಪುರದಲ್ಲಿ ಹೆಸರಾದ ರೂವಾರಿ ಮಲ್ಲಿತಮ್ಮನ ಕೆಲಸ ಆರಂಭವಾದದ್ದೂ ಇದೇ ಗುಡಿಯಲ್ಲಿ ಎಂದು ಕಲಾ ಇತಿಹಾಸಕಾರರು ಹೇಳುತ್ತಾರೆ. ಒಬ್ಬನು ಉಳಿಯಲ್ಲಿ, ಇನ್ನೊಬ್ಬನು ಕಂಠದಲ್ಲಿ ಕೈ ಪಳಗಿಸಿಕೊಂಡದ್ದು ಒಂದೇ ಅಂಗಳದಲ್ಲಿ.

ಮೊದಲ ಶಾಸನದಿಂದ ಯಶೋಧರ ಚರಿತೆಯವರೆಗೆ 18 ವರ್ಷ. ಕಾವ್ಯ 1209ರಲ್ಲಿ ಪೂರ್ಣವಾಯಿತು. ಕಥೆ ಹೊಸದಲ್ಲ: ಸೋಮದೇವಸೂರಿಗಳು 959ರಲ್ಲೇ ಇದನ್ನು ಯಶಸ್ತಿಲಕ ಚಂಪುವಾಗಿ ಬರೆದಿದ್ದರು, ವಾದಿರಾಜರ ಸಂಸ್ಕೃತ ಕಾವ್ಯ ಜನ್ನನಿಗೆ ಆಧಾರ. ಹೊಸದಾಗಿದ್ದುದು ಅವನ ಮಿತಿ. ಹದಿನಾಲ್ಕು, ಹದಿನಾರು ಆಶ್ವಾಸಗಳ ಚಂಪುಗಳು ಮೆರೆದಿದ್ದ ಕಾಲದಲ್ಲಿ ಅವನು ನಾಲ್ಕೇ ಅವತಾರಗಳಲ್ಲಿ, ಮುನ್ನೂರಕ್ಕೂ ಸ್ವಲ್ಪ ಹೆಚ್ಚು ಪದ್ಯಗಳಲ್ಲಿ, ಬಹುಪಾಲು ಕಂದದಲ್ಲೇ ಕಥೆ ಮುಗಿಸಿದನು. ಕಂದವೆಂದರೆ ನಾಲ್ಕು ಸಾಲು, 64 ಮಾತ್ರೆ. ಒಂದು ಪದ ಹೆಚ್ಚಾದರೂ ಸಾಲು ಒಡೆಯುತ್ತದೆ. ಕಲ್ಲಿನ ಮುಂದೆ ಕಲಿತ ಸಂಯಮ ಇಲ್ಲಿ ಕೆಲಸಕ್ಕೆ ಬಂತೆಂದೇ ನನ್ನ ಎಣಿಕೆ.

ಕಥೆ ಹಿಟ್ಟಿನ ಕೋಳಿಯದು. ರಾಣಿ ಅಮೃತಮತಿ ಕುರೂಪಿ ಮಾವುತ ಅಷ್ಟಾವಂಕನಿಗೆ ಒಲಿದದ್ದನ್ನು ಕಂಡ ಯಶೋಧರನು ತಾಯಿಯ ಮಾತಿಗೆ ಕಟ್ಟುಬಿದ್ದು, ಜೀವಬಲಿಗೆ ಬದಲು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಕೊಂದದ್ದು ಪ್ರಾಣಿಯನ್ನಲ್ಲ, ಆದರೂ ಸಂಕಲ್ಪ ಹಿಂಸೆಯದೇ. ಆ ಒಂದು ಸಂಕಲ್ಪಕ್ಕೆ ತಾಯಿ ಮಗ ಇಬ್ಬರೂ ಜನ್ಮ ಜನ್ಮಾಂತರ ಅಲೆಯುತ್ತಾರೆ. ದಾನಿಗಳ ಗುಣಗಳನ್ನು ಬರೆದುಕೊಡುತ್ತಿದ್ದ ಕವಿ, ತನಗೆ ಆಯ್ಕೆ ಸಿಕ್ಕಾಗ ಕೈಗೆತ್ತಿಕೊಂಡದ್ದು ಒಬ್ಬ ಅರಸನ ತಪ್ಪನ್ನು.

ಮುಂದಿನದು ವೈಭವದ ಕಾಲ. ಕವಿಚಕ್ರವರ್ತಿ ಬಿರುದು ಪೊನ್ನ ಮತ್ತು ರನ್ನರ ನಂತರ ತನಗೆ ಬಂದದ್ದು ಜನ್ನನಿಗೆ ಹೆಮ್ಮೆಯ ಸಂಗತಿ. 1220ರಲ್ಲಿ ವೀರಬಲ್ಲಾಳನ ಆಳ್ವಿಕೆ ಮುಗಿಯಿತು. ಅರಸೀಕೆರೆಯಲ್ಲಿ ರೇಚರಸನು ಸಹಸ್ರಕೂಟ ಜಿನಾಲಯ ಕಟ್ಟಿಸಿದ್ದೂ ಅದೇ ವರ್ಷ. ಮಗ ನರಸಿಂಹನ ಆಳ್ವಿಕೆಯಲ್ಲಿ ಜನ್ನನು ಕವಿ, ಮಂತ್ರಿ, ದಂಡನಾಥ ಮೂರೂ ಆದನು. ಹದಿನಾಲ್ಕನೆಯ ತೀರ್ಥಂಕರರ ಚರಿತೆಯಾದ ಅನಂತನಾಥ ಪುರಾಣವನ್ನು ಹದಿನಾಲ್ಕು ಆಶ್ವಾಸಗಳಲ್ಲಿ ಬರೆದನು. ತಾನೇ ದಾನಿಯೂ ಆದನು: ಅನಂತನಾಥ ಬಸದಿಯೊಂದನ್ನು ಕಟ್ಟಿಸಿ, ದೋರಸಮುದ್ರದ ವಿಜಯಪಾರ್ಶ್ವ ಬಸದಿಗೆ ದ್ವಾರ ಮಾಡಿಸಿದನು.

ಹಳೇಬೀಡಿನ ಬಸದಿಗಳನ್ನೂ ಅರಸೀಕೆರೆಯ ಸಹಸ್ರಕೂಟವನ್ನೂ ದರ್ಶಿಸುವವರು ಇನ್ನೊಂದು ದಿನ ಎತ್ತಿಟ್ಟುಕೊಳ್ಳುವುದು ಒಳ್ಳೆಯದು. ಅರಸೀಕೆರೆಯಿಂದ ಕಡೂರು, ಬೀರೂರು ದಾಟಿ ರೈಲಿನಲ್ಲಿ ತರೀಕೆರೆಗೆ ಹೋದರೆ ಅಮೃತಾಪುರ ಅಲ್ಲಿಗೆ ಸಮೀಪ. ಗುಡಿಯ ಮುಖಮಂಟಪದ ಬಳಿ ಜನ್ನನ ಪದ್ಯಗಳಿರುವ ದೊಡ್ಡ ಶಾಸನದ ಕಲ್ಲು ಇಂದಿಗೂ ನಿಂತಿದೆ.