ಬ್ರೈಲ್ ಮಾಡಿದ ಇನ್ನೊಂದು ಲಿಪಿ

ಲೂಯಿ ಬ್ರೈಲ್ ಅಂದ್ರೆ ಆರು ಚುಕ್ಕಿ. ಲಿಫ್ಟ್ ಬಟನ್ ಪಕ್ಕ ನೋಡಿರ್ತೀರ. ಅವನು ಮಾಡಿದ ಎರಡನೇ ಲಿಪಿ ಬಗ್ಗೆ ಮಾತ್ರ ಯಾರೂ ಅಷ್ಟಾಗಿ ಹೇಳಲ್ಲ. ನನಗೆ ಅದೇ ಹೆಚ್ಚು ಇಷ್ಟ.

ಹುಟ್ಟಿದ್ದು 1809ರ ಜನವರಿ 4ರಂದು, ಪ್ಯಾರಿಸ್ ಹತ್ತಿರದ ಕೂವ್ರೇ ಹಳ್ಳಿಯಲ್ಲಿ. ಅಪ್ಪನ ಕಸುಬು ಕುದುರೆ ಜೀನು ಹೊಲಿಯೋದು. ಮೂರು ವರ್ಷದ ಲೂಯಿ ಚರ್ಮ ಚುಚ್ಚುವ ದಬ್ಬಳದ ಜೊತೆ ಆಡ್ತಾ ಕಣ್ಣಿಗೆ ಚುಚ್ಚಿಕೊಂಡ. ಸೋಂಕು ಇನ್ನೊಂದು ಕಣ್ಣಿಗೂ ಹಬ್ಬಿ, ಐದು ವರ್ಷ ತುಂಬುವಷ್ಟರಲ್ಲಿ ಎರಡೂ ಹೋದವು.

1819ರಲ್ಲಿ ಪ್ಯಾರಿಸ್‌ನ ಅಂಧ ಮಕ್ಕಳ ಶಾಲೆಗೆ ಸೇರಿದ. ಅಲ್ಲಿದ್ದದ್ದು ಮಾಮೂಲಿ ಅಕ್ಷರಗಳನ್ನೇ ಉಬ್ಬಿಸಿ ಅಚ್ಚು ಹಾಕಿದ ದಪ್ಪ ಪುಸ್ತಕಗಳು. ಓದೋದು ನಿಧಾನ, ಬರೆಯೋದಂತೂ ಸಾಧ್ಯವೇ ಇಲ್ಲ. ಆಮೇಲೆ ಶಾರ್ಲ್ ಬಾರ್ಬಿಯೇ ಎಂಬವರ 12 ಚುಕ್ಕಿಗಳ ಪದ್ಧತಿ ಶಾಲೆಗೆ ಬಂತು. ಐಡಿಯಾ ಚೆನ್ನಾಗಿತ್ತು, ಆದರೆ 12 ಚುಕ್ಕಿ ಒಂದೇ ಬೆರಳ ತುದಿಗೆ ಸಿಗ್ತಿರಲಿಲ್ಲ. 1824ರ ಹೊತ್ತಿಗೆ, 15ನೇ ವಯಸ್ಸಿಗೆ, ಲೂಯಿ ಅದನ್ನು ಆರಕ್ಕೆ ಇಳಿಸಿದ. ನಮ್ಮ ಲೆಕ್ಕದಲ್ಲಿ 6 ಬಿಟ್: ಖಾಲಿ ಮನೆ ಬಿಟ್ಟರೆ 63 ಗುರುತು. 1829ರಲ್ಲಿ ಅಚ್ಚಾಯಿತು.

ಆದರೆ ಒಂದು ತೊಡಕು ಉಳಿಯಿತು. ಈ ಚುಕ್ಕಿಗಳನ್ನು ಮನೆಯವರು ಓದೋಕಾಗಲ್ಲ. ಕಾಗದ ಬರೆಯಬೇಕಂದ್ರೆ ಕಣ್ಣಿರುವ ಇನ್ನೊಬ್ಬರನ್ನು ಕರೆಯಬೇಕು, ಅವರಿಗೆ ಮನಸ್ಸಿನಲ್ಲಿರೋದನ್ನೆಲ್ಲ ಹೇಳಬೇಕು. ಅದಕ್ಕೆ 1839ರಲ್ಲಿ ಹೊಸ ವಿಧಾನ ಪ್ರಕಟಿಸಿದ. ಅಕ್ಷರದ ಎತ್ತರಕ್ಕೆ 10 ಚುಕ್ಕಿ. ಯಾವ ಅಕ್ಷರಕ್ಕೆ ಯಾವ ಸಾಲಲ್ಲಿ ಎಷ್ಟನೇ ಚುಕ್ಕಿ ಅಂತ ಅಂಕಿಗಳ ಪಟ್ಟಿ. ಆ ಪ್ರಕಾರ ಚುಚ್ಚುತ್ತಾ ಹೋದರೆ ಕಣ್ಣಿರುವವರಿಗೆ ಮಾಮೂಲಿ ಅಕ್ಷರವೇ ಕಾಣುತ್ತೆ. ಬಿಟ್‌ಮ್ಯಾಪ್ ಫಾಂಟ್ ಕಣ್ರೀ, ಕಂಪ್ಯೂಟರ್ ಹುಟ್ಟೋಕೆ ನೂರು ವರ್ಷ ಮುಂಚೆ! ಒಂದೊಂದೇ ಚುಚ್ಚೋದು ತಡ ಅಂತ ಅವನ ಗೆಳೆಯ, ತಾನೂ ಕುರುಡನಾಗಿದ್ದ ಪಿಯೇರ್ ಫೂಕೋ, ಇದಕ್ಕೊಂದು ಯಂತ್ರವನ್ನೇ ಕಟ್ಟಿದ.

ಕಣ್ಣಿಗೆ ಕಾಣೋ ಆಕಾರವನ್ನು ಅಂಕಿಗಳಿಂದ ಹಿಡಿಯೋ ಈ ಕೆಲಸ ಇವತ್ತೂ ನಡೀತಿದೆ. ದೃಷ್ಟಿಯಿಲ್ಲದ ಡೆವಲಪರ್ ಒಂದು ಫಾರ್ಮ್ ಡಿಸೈನ್ ಮಾಡುವಾಗ ಎನ್‌ವಿಡಿಎ ಥರದ ಸ್ಕ್ರೀನ್ ರೀಡರ್‌ಗೆ, ಈ ಬಾಕ್ಸ್ ಪರದೆಯಲ್ಲಿ ಎಲ್ಲಿದೆ ಅಂತ ಕೇಳಬಹುದು. ಅದು ಎಡದಿಂದ ಎಷ್ಟು, ಮೇಲಿಂದ ಎಷ್ಟು ಅಂತ ಹೇಳುತ್ತೆ. ಎರಡು ಬಾಕ್ಸ್‌ಗಳ ಎಡದ ಅಂಕಿ ಬೇರೆ ಬೇರೆ ಬಂದರೆ ಸಾಲು ಸೊಟ್ಟಗಿದೆ ಅಂತರ್ಥ. ಕಣ್ಣಿರೋ ನಾವು ಸುಮಾರಾಗಿ ಸರಿ ಇದೆ ಅಂತ ಬಿಟ್ಟುಬಿಡೋ ವ್ಯತ್ಯಾಸವೂ ಅಲ್ಲಿ ಸಿಕ್ಕಿಬೀಳುತ್ತೆ.

ಲೂಯಿಗೆ ಸಿಕ್ಕ ಮರ್ಯಾದೆ ಕಡಿಮೆ. ಅದೇ ಶಾಲೆಯಲ್ಲಿ ಮೇಷ್ಟ್ರಾದ, ಚರ್ಚುಗಳಲ್ಲಿ ಆರ್ಗನ್ ನುಡಿಸಿದ. 1840ರ ದಶಕದಲ್ಲಿ ಹೊಸ ನಿರ್ದೇಶಕರು ಅವನ ಆರು ಚುಕ್ಕಿಯನ್ನೇ ಶಾಲೆಯಿಂದ ತೆಗೆದರು. ಮಕ್ಕಳು ಕದ್ದುಮುಚ್ಚಿ ಬರೀತಾನೇ ಇದ್ದರು. ಕೊನೆಗೆ ಶಾಲೆಯೇ ಸೋತಿತು. ಕ್ಷಯ ಅವನನ್ನು ಬಿಡಲಿಲ್ಲ. 1852ರ ಜನವರಿ 6ರಂದು, 43 ತುಂಬಿ ಎರಡೇ ದಿನಕ್ಕೆ ತೀರಿಕೊಂಡ. ಅಧಿಕೃತ ಮನ್ನಣೆ ಬಂದದ್ದು 1854ರಲ್ಲಿ.

ನಮ್ಮ ಕನ್ನಡಕ್ಕೂ ಅದೇ ಆರು ಚುಕ್ಕಿ, ಭಾರತಿ ಬ್ರೈಲ್ ಹೆಸರಲ್ಲಿ. ಅದರಲ್ಲಿ ‘ಕ’ ಬರೆಯೋಕೆ 1 ಮತ್ತು 3ನೇ ಚುಕ್ಕಿ. ಲೂಯಿ ‘ಕೆ’ಗೆ ಇಟ್ಟಿದ್ದೂ ಅವೇ.