ತಾನಾಗಿ ತೆರೆಯುವ ಗೇಟು

ಕಳೆದ ಗಣೇಶ ಹಬ್ಬಕ್ಕೆ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಘಾಟ್ಕೋಪರ್‌ನಿಂದ ಭದ್ರಾವತಿಗೆ ಹೊರಟಿದ್ದೆ. ಖಂಡಾಲಾ ಘಾಟಿ ಏರುವಾಗ ಕಾರು ಇದ್ದಕ್ಕಿದ್ದಂತೆ ಸುಸ್ತಾಯಿತು. ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ದೀಪ. ಆಕ್ಸಿಲರೇಟರ್ ಎಷ್ಟು ಒತ್ತಿದರೂ ವೇಗ ನಲವತ್ತು ದಾಟಲಿಲ್ಲ. ಹೊರಗೆ ಮಳೆ, ಬೆನ್ನಿಗೆ ಲಾರಿಗಳ ಹಾರ್ನ್, ಹಿಂದಿನ ಸೀಟಿನಲ್ಲಿ ಅಮ್ಮನ ರಾಮನಾಮ. ಹೇಗೋ ಲೋಣಾವಳ ತಲುಪಿದೆವು.

ಕಾರು ಕೊಳ್ಳುವಾಗ ಅದರ ಇಂಜಿನ್ ಬಗ್ಗೆ ಅಪ್ಪನಿಗೆ ಪಾಠವನ್ನೇ ಮಾಡಿದ್ದೆ. ಒಂದು ಲೀಟರ್ ಪೆಟ್ರೋಲ್ ಇಂಜಿನ್, ಮೂರೇ ಸಿಲಿಂಡರ್, ಆದರೂ ನೂರಕ್ಕೂ ಹೆಚ್ಚು ಅಶ್ವಶಕ್ತಿ. ಹೊರಬೀಳುವ ಹೊಗೆಯ ಒತ್ತಡದಿಂದಲೇ ಟರ್ಬೊ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಿ ಇಂಜಿನ್‌ಗೆ ಗಾಳಿ ತುಂಬುತ್ತದೆ. ಪೆಟ್ರೋಲ್ ಭಾರೀ ಒತ್ತಡದಲ್ಲಿ ನೇರವಾಗಿ ಸಿಲಿಂಡರ್ ಒಳಗೇ ಸಿಂಪಡಣೆಯಾಗುತ್ತದೆ. ಗಾಳಿಯ ಒತ್ತಡ ಮಿತಿ ಮೀರದಂತೆ ವೇಸ್ಟ್‌ಗೇಟ್ ಎಂಬ ಪುಟ್ಟ ಬಾಗಿಲು ತೆರೆದು, ಹೆಚ್ಚಾದ ಹೊಗೆಯನ್ನು ಟರ್ಬೊದ ಪಕ್ಕದಿಂದ ಹೊರಬಿಡುತ್ತದೆ.

ನನ್ನ ಕಾರಿನಲ್ಲಿ ಸಿಕ್ಕಿಹಾಕಿಕೊಂಡಿದ್ದು ಆ ಬಾಗಿಲೇ. ಮೆಕ್ಯಾನಿಕ್ ಡಿಪ್‌ಸ್ಟಿಕ್ ಹೊರತೆಗೆದು ತೋರಿಸಿದ. ಆಯಿಲ್ ಡಾಂಬರಿನಂತಿತ್ತು. ಓಡಿದ ಕಿಲೋಮೀಟರ್ ಕಡಿಮೆ ಎಂದು ಒಂದೂವರೆ ವರ್ಷ ಆಯಿಲ್ ಬದಲಿಸಿರಲಿಲ್ಲ. ಪೊವಾಯಿ ಟ್ರಾಫಿಕ್‌ನಲ್ಲಿ ದಿನಕ್ಕೆ ಎರಡು ಗಂಟೆ ನಿಂತಲ್ಲೇ ಉರಿದ ಇಂಜಿನ್‌ನ ಲೆಕ್ಕ ಕಿಲೋಮೀಟರ್‌ನಲ್ಲಿ ಸಿಗುವುದಿಲ್ಲ ಎಂಬುದು ಎಂ.ಟೆಕ್. ಓದಿದ ನನಗೆ ಹೊಳೆದಿರಲಿಲ್ಲ.

ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ನಿವೃತ್ತರಾದ ಅಪ್ಪ ಬೈಯಲಿಲ್ಲ. ವೇಸ್ಟ್‌ಗೇಟ್ ಹೇಗೆ ಕೆಲಸ ಮಾಡುತ್ತದೆ ಎಂದು ಮೆಕ್ಯಾನಿಕ್ ವಿವರಿಸಿದಾಗ, ಇದು ನಮ್ಮ ವಿಶ್ವೇಶ್ವರಯ್ಯನವರ ಗೇಟಿನ ಹಾಗೆಯೇ ಇದೆಯಲ್ಲ ಎಂದರು. ಆಮೇಲೆ ಊರು ತಲುಪುವವರೆಗೂ ಅವರದೇ ಕಥೆ.

ಹೊರನಾಡಿನಲ್ಲಿ ದುಡಿಯುವ ನಮ್ಮೆಲ್ಲರಿಗೂ ವಿಶ್ವೇಶ್ವರಯ್ಯನವರು ಹಿರಿಯಣ್ಣ. 1861ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು, ಮನೆಪಾಠ ಹೇಳಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪುಣೆಗೆ ಹೋಗಿ ಇಂಜಿನಿಯರ್ ಆದರು. 1884ರಲ್ಲಿ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದವರು, 1908ರವರೆಗೆ ಅಲ್ಲೇ ದುಡಿದರು. ಇಂದು ನಾವು ಮೈಸೂರಿನವರು ಎಂದು ಹೆಮ್ಮೆಪಡುವ ಆ ಮನುಷ್ಯನ ನೌಕರಿಯ ಕಾಲು ಶತಮಾನ ಹೊರನಾಡಿನಲ್ಲೇ ಕಳೆಯಿತು. ನಾಸಿಕ್, ಖಾನ್‌ದೇಶ್, ಸಿಂಧ್‌ನ ಸಕ್ಕರ್, ಪುಣೆ ಎಂದು ವರ್ಗಾವಣೆಯಾದಲ್ಲೆಲ್ಲ ನೀರಿನದೇ ಕೆಲಸ.

ಪುಣೆಯ ಬಳಿಯ ಖಡಕ್‌ವಾಸ್ಲಾ ಕೆರೆಯಲ್ಲಿ ಮಳೆಗಾಲದ ಹೆಚ್ಚಿನ ನೀರು ಕೋಡಿ ಬಿದ್ದು ಹರಿದುಹೋಗುತ್ತಿತ್ತು, ಬೇಸಿಗೆಯಲ್ಲಿ ಕೊರತೆ ಬೀಳುತ್ತಿತ್ತು. ಕಟ್ಟೆಯನ್ನು ಎತ್ತರಿಸುವ ಬದಲು ವಿಶ್ವೇಶ್ವರಯ್ಯನವರು ಕೋಡಿಯ ಮೇಲೆ ಗೇಟುಗಳನ್ನು ಕೂರಿಸಿದರು. ಅದು 1903. ನೀರು ಗೊತ್ತುಪಡಿಸಿದ ಮಟ್ಟ ಮುಟ್ಟುವವರೆಗೆ ಗೇಟು ಮುಚ್ಚಿರುತ್ತದೆ. ಮುಟ್ಟಿದೊಡನೆ ನೀರಿನ ಬಲದಿಂದಲೇ ತೆರೆದುಕೊಳ್ಳುತ್ತದೆ, ಪ್ರವಾಹ ಇಳಿದ ಮೇಲೆ ಮುಚ್ಚಿಕೊಳ್ಳುತ್ತದೆ. ನಡುರಾತ್ರಿಯ ಮಳೆಯಲ್ಲಿ ಕಾವಲುಗಾರ ಎದ್ದು ಬರಬೇಕಾಗಿಲ್ಲ. ಅದಕ್ಕೆ ಅವರು ಪೇಟೆಂಟನ್ನೂ ಪಡೆದರು. ಅದೇ ಬಗೆಯ ಗೇಟುಗಳು ಮುಂದೆ ಕನ್ನಂಬಾಡಿಗೂ ಬಂದವು.

ಹೈದರಾಬಾದಿನ ಮೂಸಿ ಪ್ರವಾಹದ ಕೆಲಸ ಮುಗಿಸಿ 1909ರಲ್ಲಿ ಅವರು ಮೈಸೂರಿಗೆ ಮರಳಿದ್ದು, 1912ರಲ್ಲಿ ದಿವಾನರಾದದ್ದು ನಿಮಗೆಲ್ಲ ಗೊತ್ತು. ದಿವಾನಗಿರಿ ಬಿಟ್ಟ ಮೇಲೂ, ನಷ್ಟದಲ್ಲಿದ್ದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತು ಅದನ್ನು ನಿಲ್ಲಿಸಿದರು. ನಮ್ಮ ಮನೆಯ ಒಲೆ ಉರಿದದ್ದು ಆ ಕಾರ್ಖಾನೆಯಿಂದ.

ನನಗೆ ಗೊತ್ತಿಲ್ಲದಿದ್ದ ಭಾಗ ಇದರ ಮುಂದಿನದು. 1935ರಲ್ಲಿ, ಎಪ್ಪತ್ನಾಲ್ಕರ ವಯಸ್ಸಿನಲ್ಲಿ, ಅವರು ಯುರೋಪ್ ಮತ್ತು ಅಮೆರಿಕಕ್ಕೆ ಹೋಗಿ ಮೋಟಾರು ಕಾರ್ಖಾನೆಗಳನ್ನು ಸುತ್ತಿ ಬಂದರು. ಭಾರತದಲ್ಲೇ ಕಾರು ತಯಾರಾಗಬೇಕೆಂದು ಮುಂಬೈಗೆ ಒಂದು ಕಾರ್ಖಾನೆಯ ಯೋಜನೆ ಬರೆದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗೂಡಿದರು. ದೆಹಲಿಯ ಬ್ರಿಟಿಷ್ ಸರ್ಕಾರ ಬೆಂಬಲಿಸಲಿಲ್ಲ. ಅಷ್ಟರಲ್ಲಿ ಯುದ್ಧ ಬಂತು. ಕೊನೆಗೆ ವಾಲ್‌ಚಂದ್ 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದರು. ಕುರ್ಲಾದಲ್ಲಿ ಕಾರ್ಖಾನೆ ಎದ್ದಿತು. ಮೊದಲು ಅಮೆರಿಕದ ಡಾಡ್ಜ್, ಪ್ಲಿಮತ್, ಆಮೇಲೆ ಇಟಲಿಯ ಫಿಯೆಟ್.

ಆ ಫಿಯೆಟ್ಟೇ ಮುಂದೆ ಪದ್ಮಿನಿ ಎಂಬ ಹೆಸರು ಪಡೆದು ಮುಂಬೈಯ ಕಾಳಿ-ಪೀಲಿ ಟ್ಯಾಕ್ಸಿಯಾಯಿತು. 1089 ಸಿಸಿ, ನಾಲ್ಕು ಸಿಲಿಂಡರ್, ಕಾರ್ಬ್ಯುರೇಟರ್, ಸುಮಾರು 40 ಅಶ್ವಶಕ್ತಿ. ಕಾಗದದ ಮೇಲೆ ನನ್ನ ಕಾರಿನ ಅರ್ಧವೂ ಇಲ್ಲ. ಆದರೆ ರಸ್ತೆ ಬದಿಯಲ್ಲೇ ಬಾನೆಟ್ ಎತ್ತಿ ರಿಪೇರಿ ಮಾಡಬಹುದಾಗಿತ್ತು. ಕೊನೆಯ ಪದ್ಮಿನಿ ಟ್ಯಾಕ್ಸಿ ಇಪ್ಪತ್ತು ವರ್ಷದ ಅವಧಿ ಪೂರೈಸಿ 2023ರ ಅಕ್ಟೋಬರ್ ಅಂತ್ಯದಲ್ಲಿ ರಸ್ತೆಯಿಂದ ಮರೆಯಾಯಿತು.

ಮರಳಿ ಬರುವಾಗ ಅಪ್ಪನ ಆಸೆಯಂತೆ ಖಡಕ್‌ವಾಸ್ಲಾಕ್ಕೆ ಹೋದೆವು. ಅಲ್ಲಿ ಈಗಿರುವುದು ವಿಶ್ವೇಶ್ವರಯ್ಯನವರು ಕಂಡ ಕಟ್ಟೆಯಲ್ಲ. 1961ರ ಜುಲೈ 12ರಂದು ಮೇಲಿನ ಪಾನ್‌ಶೆತ್ ಅಣೆಕಟ್ಟು ಒಡೆದು ಬಂದ ನೀರಿನ ರಭಸಕ್ಕೆ ಖಡಕ್‌ವಾಸ್ಲಾವೂ ಒಡೆದು ಪುಣೆ ಮುಳುಗಿತು. ಒಂದು ಇಡೀ ಅಣೆಕಟ್ಟಿನ ನೀರು ಒಮ್ಮೆಲೇ ಬಂದರೆ ಅದು ಯಾವ ಕೋಡಿಯ ಲೆಕ್ಕಕ್ಕೂ ಮೀರಿದ್ದು. ಆಗ ವಿಶ್ವೇಶ್ವರಯ್ಯನವರಿಗೆ ನೂರರ ಹತ್ತಿರ. ಮರುವರ್ಷ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅದಕ್ಕೂ ಏಳು ವರ್ಷ ಮೊದಲು, 1955ರಲ್ಲಿ, ಭಾರತರತ್ನ ಸಂದಿತ್ತು.

ಆ ನೀರಿನ ದಂಡೆಯಲ್ಲಿ ನಿಂತಾಗ ನನಗೆ ನಾಚಿಕೆಯಾಯಿತು. ಅವರ ಗೇಟು ಸೋತದ್ದು ಯಾರ ಲೆಕ್ಕಕ್ಕೂ ಸಿಗದ ಪ್ರವಾಹಕ್ಕೆ. ನನ್ನ ಕಾರಿನ ಗೇಟು ಸೋತದ್ದು ನಾಲ್ಕು ಲೀಟರ್ ಆಯಿಲ್‌ಗೆ. ತಾನಾಗಿ ತೆರೆಯುವ ಗೇಟಿಗೂ ವರ್ಷಕ್ಕೊಮ್ಮೆ ಗ್ರೀಸು ಹಚ್ಚುವ ಕೈಯೊಂದು ಬೇಕು ಎಂದು ಅಪ್ಪ ಹೇಳಿದ್ದು ಇಷ್ಟೇ.

ಮುಂಬೈಗೆ ಬಂದ ಮೇಲೆ ಡ್ಯಾಶ್‌ಬೋರ್ಡ್ ಒಳಗೆ ಒಂದು ಸಣ್ಣ ಪುಸ್ತಕ ಇಟ್ಟಿದ್ದೇನೆ. ಅದರಲ್ಲಿ ಕಿಲೋಮೀಟರ್ ಜೊತೆಗೆ ಇಂಜಿನ್ ಓಡಿದ ಗಂಟೆಗಳನ್ನೂ ಬರೆಯುತ್ತೇನೆ. ಕುರ್ಲಾದ ಟ್ರಾಫಿಕ್‌ನಲ್ಲಿ ನಿಂತಾಗ, ಮುದ್ದೇನಹಳ್ಳಿಯ ಆ ಮುದುಕ ಇಲ್ಲೇ ಎಲ್ಲೋ ಕಾರು ತಯಾರಾಗಲಿ ಎಂದು ಹಂಬಲಿಸಿದ್ದು ನೆನಪಾಗುತ್ತದೆ. ಅಪ್ಪ ವಾರಕ್ಕೊಮ್ಮೆ ಫೋನು ಮಾಡುತ್ತಾರೆ. ಆರೋಗ್ಯ ವಿಚಾರಿಸಿದ ಮೇಲೆ, ಆಯಿಲ್ ನೋಡಿದೆಯಾ ಎಂದು ಕೇಳದೆ ಇಡುವುದಿಲ್ಲ.