ಎರಡು ಸಂಗೀತಗಳ ರಸಿಕ

ಮೈಸೂರು ಸಂಸ್ಥಾನದ ಕೊನೆಯ ಅರಸರಾದ ಜಯಚಾಮರಾಜ ಒಡೆಯರು 1919ರ ಜುಲೈ 18ರಂದು ಜನಿಸಿದರು. ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಅವರ ತಂದೆ. ನಾಲ್ವಡಿ ಕೃಷ್ಣರಾಜ ಒಡೆಯರು ದೊಡ್ಡಪ್ಪ. ಅಂದಿನ ಮೈಸೂರು ಅರಮನೆಯಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರಿಗೆ ಆಶ್ರಯವಿದ್ದಂತೆಯೇ ಪಾಶ್ಚಾತ್ಯ ವಾದ್ಯವೃಂದಕ್ಕೂ ಸ್ಥಾನವಿತ್ತು. ಇಂತಹ ವಾತಾವರಣದಲ್ಲಿ ಬೆಳೆದ ರಾಜಕುಮಾರರ ಮನಸ್ಸನ್ನು ಮೊದಲು ಸೆರೆಹಿಡಿದ ವಾದ್ಯ ಪಿಯಾನೊ.

ಮಹಾರಾಜ ಕಾಲೇಜಿನಲ್ಲಿ ವ್ಯಾಸಂಗ ಮಾಡಿ 1938ರಲ್ಲಿ ಪದವೀಧರರಾದ ಅವರಿಗೆ ಪಿಯಾನೊವಾದಕರಾಗಬೇಕೆಂಬ ಹಂಬಲವಿತ್ತು. ಆದರೆ ವಿಧಿ ಬೇರೆಯದನ್ನೇ ಬಗೆದಿತ್ತು. 1940ರ ಮಾರ್ಚಿಯಲ್ಲಿ ತಂದೆ ತೀರಿಕೊಂಡರು. ಅದೇ ವರ್ಷದ ಆಗಸ್ಟಿನಲ್ಲಿ ಮಕ್ಕಳಿಲ್ಲದ ದೊಡ್ಡಪ್ಪನವರೂ ಕಾಲವಾದರು. ಇಪ್ಪತ್ತೊಂದು ವರ್ಷದ ತರುಣನ ಹೆಗಲ ಮೇಲೆ ರಾಜ್ಯಭಾರ ಬಂದಿತು. ಪಿಯಾನೊವಾದಕನ ವೇದಿಕೆ ಕೈತಪ್ಪಿತು. ಆದರೂ ಅವರು ಅಭ್ಯಾಸವನ್ನು ತೊರೆಯಲಿಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿಯೂ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಸದಸ್ಯತ್ವವೂ ಅವರಿಗೆ ದೊರೆತವು. ಸಾವಿರಾರು ಧ್ವನಿಮುದ್ರಿಕೆಗಳನ್ನು ಸಂಗ್ರಹಿಸಿ, ಕಡಲಾಚೆಯ ಸಂಗೀತವನ್ನು ಅವರು ಮೈಸೂರಿನಲ್ಲಿಯೇ ಕುಳಿತು ಆಲಿಸಿದರು.

ಆ ಸಂಗೀತ ನಮಗೆ ತೀರ ಅಪರಿಚಿತವೆಂದು ತೋರಬಹುದು. ಆದರೆ ಅದನ್ನು ಸವಿಯಲು ಪಾಂಡಿತ್ಯವೇ ಬೇಕೆಂದಿಲ್ಲ. ಅಂದು ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಸೊರಬ ಸೀಮೆಯ ಆನವಟ್ಟಿಯಂತಹ ಊರಿನ ಭಜನೆಯನ್ನು ನೆನೆಯಿರಿ. ಒಬ್ಬನು ಒಂದು ಸಾಲನ್ನು ಎತ್ತಿಕೊಡುತ್ತಾನೆ. ಮಂದಿಯೆಲ್ಲ ಅದನ್ನು ಹಿಡಿದು ಹಾಡುತ್ತಾರೆ. ಯೂರೋಪಿನಲ್ಲಿ ಸುಮಾರು 1600ರಿಂದ 1750ರವರೆಗಿನ ಬರೋಕ್ ಯುಗದಲ್ಲಿ ಬೆಳೆದ ಕಾನ್ಸರ್ಟೊ ಎಂಬ ರಚನೆಯಲ್ಲಿಯೂ ಇದಕ್ಕೆ ಹತ್ತಿರವಾದ ಸೊಗಸಿದೆ. ಒಂದು ಪಿಟೀಲು ಒಂಟಿಯಾಗಿ ನುಡಿಯುತ್ತದೆ, ವಾದ್ಯವೃಂದ ಅದಕ್ಕೆ ಮರುನುಡಿಯುತ್ತದೆ. ಇಟಲಿಯ ವಿವಾಲ್ಡಿ, ಜರ್ಮನಿಯ ಬಾಖ್ ಇದರಲ್ಲಿ ನಿಪುಣರು. ಅನೇಕ ಕಂಠಗಳು ಬೇರೆ ಬೇರೆ ಸ್ವರಗಳಲ್ಲಿ ಒಮ್ಮೆಗೇ ಹಾಡುವ ವೃಂದಗಾನವನ್ನು ಬಾಖ್‌ನೂ ಹ್ಯಾಂಡೆಲನೂ ಉನ್ನತಿಗೇರಿಸಿದರು. ಮುಂದಿನ ಶತಮಾನಗಳಲ್ಲಿ ಕಾನ್ಸರ್ಟೊದ ನಾಯಕಸ್ಥಾನ ಬಹುಮಟ್ಟಿಗೆ ಪಿಯಾನೊಗೂ ಸಂದಿತು.

ಅಂತಹ ಪಿಯಾನೊ ಕಾನ್ಸರ್ಟೊಗಳನ್ನು ರಚಿಸಿದವರಲ್ಲಿ ರಷ್ಯದ ನಿಕೊಲಾಯ್ ಮೆಟ್ನರ್ ಒಬ್ಬನು. ತಾಯ್ನಾಡನ್ನು ಬಿಟ್ಟು ಲಂಡನ್ನಿನಲ್ಲಿ ನೆಲೆಸಿದ್ದ ಆತನನ್ನು ಎರಡನೆಯ ಮಹಾಯುದ್ಧದ ದಿನಗಳಲ್ಲಿ ಬಡತನವೂ ಹೃದ್ರೋಗವೂ ಕಾಡಿದವು. ಲೋಕವು ಅವನನ್ನು ಮರೆಯತೊಡಗಿತ್ತು. ಆತನ ಸಂಗೀತಕ್ಕೆ ಮಾರುಹೋಗಿದ್ದ ಜಯಚಾಮರಾಜ ಒಡೆಯರು ಮೆಟ್ನರ್ ಸಂಘಕ್ಕೆ ಆರ್ಥಿಕ ನೆರವು ನೀಡಿ, ಆ ಕೃತಿಗಳು ಧ್ವನಿಮುದ್ರಣಗೊಳ್ಳುವಂತೆ ಮಾಡಿದರು. ವೃದ್ಧ ಸಂಗೀತಗಾರನು ತನ್ನ ಮೂರು ಕಾನ್ಸರ್ಟೊಗಳನ್ನೂ ತಾನೇ ನುಡಿಸಿ ಮುದ್ರಿಸಿದನು. ಮೂರನೆಯದನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದನು. 1951ರಲ್ಲಿ ಅವನು ತೀರಿಕೊಂಡರೂ ಅವನ ಕೈಬೆರಳುಗಳ ನಾದ ಉಳಿಯಿತು.

ಲಂಡನ್ನಿನ ಫಿಲ್‌ಹಾರ್ಮೋನಿಯ ವಾದ್ಯವೃಂದಕ್ಕೂ ಮಹಾರಾಜರ ನೆರವು ಸಂದಿತು. ಜರ್ಮನಿಯ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳ ಮೊದಲ ಪ್ರಯೋಗ 1950ರ ಮೇ 22ರಂದು ಅಲ್ಲಿ ನಡೆದಾಗ ಅದರ ವೆಚ್ಚಕ್ಕೆ ಭರವಸೆ ನೀಡಿದವರು ಅವರೇ. ತಾವು ಹೋಗಲಾಗದಿದ್ದುದರಿಂದ ಆ ಕಛೇರಿಯ ಧ್ವನಿಮುದ್ರಣವನ್ನು ಮೈಸೂರಿಗೆ ತರಿಸಿಕೊಂಡರು.

ಹೊರಗಿನ ಸಂಗೀತಕ್ಕೆ ಮನೆಯ ಬಾಗಿಲು ತೆರೆದವರು ಮನೆಯ ಸಂಗೀತವನ್ನು ಕಡೆಗಣಿಸಲಿಲ್ಲ. ವೀಣೆ ವೆಂಕಟಗಿರಿಯಪ್ಪನವರಲ್ಲಿ ಅಭ್ಯಾಸ ಮಾಡಿ, ಮೈಸೂರು ವಾಸುದೇವಾಚಾರ್ಯರಂತಹ ಹಿರಿಯರ ಸಹವಾಸದಲ್ಲಿ ಪಳಗಿ, ದೇವಿಯ ಉಪಾಸಕರಾಗಿದ್ದ ಅವರು ಶ್ರೀವಿದ್ಯಾ ಎಂಬ ಅಂಕಿತದಲ್ಲಿ ತೊಂಬತ್ತನಾಲ್ಕು ಕೃತಿಗಳನ್ನು ರಚಿಸಿದರು. ಅಪರೂಪದ ರಾಗಗಳನ್ನೂ ಅವುಗಳಲ್ಲಿ ಬಳಸಿದರು.

1947ರಲ್ಲಿ ಅವರು ಸಂಸ್ಥಾನವನ್ನು ಭಾರತ ಒಕ್ಕೂಟಕ್ಕೆ ಸೇರಿಸಿದರು. ಮುಂದೆ ರಾಜಪ್ರಮುಖರಾಗಿ, 1956ರಿಂದ ಮೈಸೂರಿನ, ತರುವಾಯ ಮದರಾಸಿನ ರಾಜ್ಯಪಾಲರಾಗಿ ಸೇವೆ ಸಲ್ಲಿಸಿ, 1974ರ ಸೆಪ್ಟೆಂಬರ್ 23ರಂದು ನಿಧನರಾದರು.

ಸಿಂಹಾಸನ ಕಾಲದೊಡನೆ ಸರಿಯಿತು, ಸಂಗೀತ ಉಳಿಯಿತು. ತಾವು ವೇದಿಕೆ ಏರಲಾಗದಿದ್ದರೂ ಮತ್ತೊಬ್ಬನ ನಾದ ಅಳಿಯದಂತೆ ಅವರು ಕಾಪಾಡಿದರು. ಒಳ್ಳೆಯ ಕೇಳುಗನೂ ಕಲೆಯನ್ನು ಬದುಕಿಸಬಲ್ಲನೆಂಬುದಕ್ಕೆ ಜಯಚಾಮರಾಜ ಒಡೆಯರ ಬಾಳು ನಿದರ್ಶನವಾಗಿದೆ.